ಸಹಾಯ ಬೇಕು: ಗುರಿಗೆ ಎಸೆಯುವ ಆಟದಲ್ಲಿ ಕಾಲು ಮತ್ತು ದೂರದ ಸಮಸ್ಯೆ

ಎಲ್ಲರಿಗೂ ನಮಸ್ಕಾರ. ಎರಡನೇ ತರಗತಿ ಮಕ್ಕಳಿಗೆ ಪಿಟಿ ಪೀರಿಯಡ್‌ನಲ್ಲಿ ಗುರಿಗೆ ಎಸೆಯುವ ಆಟ ಆಡಿಸುತ್ತಿದ್ದೇನೆ. ನೆಲದ ಮೇಲಿನ ರಿಂಗ್ ಒಳಗೆ ಬೀನ್‌ಬ್ಯಾಗ್ (ಕಾಳು ತುಂಬಿದ ಪುಟ್ಟ ಬಟ್ಟೆ ಚೀಲ) ಬೀಳಿಸಬೇಕು, ಅಷ್ಟೇ. ಚೆಂಡು ಬೇಕಂತಲೇ ಬಿಟ್ಟಿದ್ದೇನೆ. ಅದು ಉರುಳಿದರೆ ಅರ್ಧ ಪೀರಿಯಡ್ ಅದರ ಹಿಂದೆ ಓಡುವುದರಲ್ಲೇ ಮುಗಿಯುತ್ತದೆ.

ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವುದು ಬೇಗ ಬಂತು. ತೊಂದರೆ ಇರುವುದು ಕಾಲಿನದು. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದಿರಬೇಕು ಅಲ್ವಾ, ಎಷ್ಟು ಹೇಳಿದರೂ ಬಲಗಾಲೇ ಮುಂದೆ ಬರುತ್ತದೆ. ಸೀಮೆಸುಣ್ಣದಲ್ಲಿ ಪಾದದ ಗುರುತು ಬರೆದು ನೋಡಿದೆ. ಗುರುತು ಇರುವವರೆಗೆ ಸರಿ, ಅಳಿಸಿದ ಕೂಡಲೇ ಮತ್ತೆ ಹಳೇ ಕಥೆ. ಎಡಗೈ ಮಕ್ಕಳಿಗೆ ಇದೆಲ್ಲ ತಿರುಗುಮುರುಗು. ಅವರು ಪಕ್ಕದವರನ್ನು ನೋಡಿ ಇನ್ನೂ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಇದಕ್ಕೆ ಬೇರೆ ಉಪಾಯ ಇದೆಯಾ?

ಇನ್ನೊಂದು, ದೂರ. ಎಲ್ಲರಿಗೂ ಒಂದೇ ಗೆರೆ ಹಾಕಿದರೆ ಕೆಲವರಿಗೆ ಬೋರ್, ಕೆಲವರಿಗೆ ಅಳು. ಮೂರು ಗೆರೆ ಹಾಕಿ ಅವರೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ, ಹಟಕ್ಕೆ ಬಿದ್ದು ಎಲ್ಲರೂ ದೂರದ ಗೆರೆಗೇ ಓಡುತ್ತಾರೆ. ಅಂಕ ಕೊಡುವುದನ್ನೇ ನಿಲ್ಲಿಸಲಾ, ಅಥವಾ ಜೋಡಿ ಮಾಡಿ ಇಬ್ಬರ ಅಂಕ ಕೂಡಿಸಲಾ? ಸಣ್ಣ ಮಕ್ಕಳಿಗೆ ಆಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಎಲ್ಲರೂ ಎಸೆದ ಮೇಲೆಯೇ ಹೆಕ್ಕಲು ಹೋಗಬೇಕು ಅನ್ನುವ ನಿಯಮವನ್ನು ಮಾತ್ರ ಸಡಿಲಿಸುವುದಿಲ್ಲ.