‘ಟೈಡಲ್ ರೇಡಿಯಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ತಾರಾಗುಚ್ಛಗಳ ಬಗ್ಗೆ ಬರೆಯುತ್ತಿದ್ದೇನೆ. ಗುಚ್ಛದೊಳಗೆ ನಕ್ಷತ್ರಗಳು ಎಲ್ಲಿ ಒತ್ತಾಗಿವೆ, ಎಲ್ಲಿ ವಿರಳ ಅನ್ನುವುದನ್ನು ಸೂತ್ರಕ್ಕೆ ಹೊಂದಿಸುವ ಭಾಗಕ್ಕೆ ಬಂದು ಒಂದು ಪದದ ಹತ್ತಿರ ನಿಂತಿದ್ದೇನೆ.

ಹಿನ್ನೆಲೆ ಸ್ವಲ್ಪ ಬೇಕು. 1911ರಲ್ಲಿ ಖಗೋಳಜ್ಞ ಪ್ಲಮ್ಮರ್ ಗೋಳಗುಚ್ಛಗಳಿಗೆ, ಅಂದರೆ ಚೆಂಡಿನ ಆಕಾರದ ದಟ್ಟ ತಾರಾಗುಚ್ಛಗಳಿಗೆ, ಒಂದು ಸರಳ ಸೂತ್ರ ಕೊಟ್ಟರು. ಅದರಲ್ಲಿ ಉದ್ದದ ಅಳತೆ ಒಂದೇ. ನಡುವಿನಿಂದ ಅಷ್ಟು ದೂರ ಬಂದರೆ, ನಮ್ಮ ಕಣ್ಣಿಗೆ ಕಾಣುವ ದಟ್ಟಣೆ ನಡುವಿನದರ ಕಾಲುಭಾಗಕ್ಕೆ ಇಳಿದಿರುತ್ತದೆ. ಗುಚ್ಛದ ಅರ್ಧ ಪಾಲು ಅಷ್ಟೇ ತ್ರಿಜ್ಯದ ವೃತ್ತದೊಳಗೆ ಕಾಣುತ್ತದೆ. ಲೆಕ್ಕಕ್ಕೆ ಬಲು ಸುಲಭ, ಕಂಪ್ಯೂಟರ್ ಸಿಮ್ಯುಲೇಶನ್ ಮಾಡುವವರು ಈಗಲೂ ಬಳಸುತ್ತಾರೆ. ಆದರೆ ಈ ಸೂತ್ರದ ಗುಚ್ಛಕ್ಕೆ ಅಂಚೇ ಇಲ್ಲ. ನಕ್ಷತ್ರಗಳು ತೆಳುವಾಗುತ್ತಾ ಹೋಗುತ್ತವೆ, ಮುಗಿಯುವುದಿಲ್ಲ.

1962ರಲ್ಲಿ ಖಗೋಳಜ್ಞ ಐವನ್ ಕಿಂಗ್ ಕೊಟ್ಟ ಸೂತ್ರದಲ್ಲಿ ಎರಡು ತ್ರಿಜ್ಯಗಳಿವೆ. ಒಳಗಿನದು ಕೋರ್ ರೇಡಿಯಸ್. ಅದಕ್ಕೆ ‘ತಿರುಳಿನ ತ್ರಿಜ್ಯ’ ಅಂದರೆ ಸಾಕು, ತಕರಾರಿಲ್ಲ. ಹೊರಗಿನದು ಟೈಡಲ್ ರೇಡಿಯಸ್, ಅಲ್ಲಿ ದಟ್ಟಣೆ ಸೊನ್ನೆಯಾಗುತ್ತದೆ. ಇವೆರಡರ ಅನುಪಾತ ನೋಡಿದರೆ ಗುಚ್ಛದ ಚಹರೆ ಗೊತ್ತಾಗುತ್ತದೆ. ನಮ್ಮ ದಕ್ಷಿಣ ಆಕಾಶದಲ್ಲಿ ಏಪ್ರಿಲ್–ಮೇ ರಾತ್ರಿಗಳಲ್ಲಿ ಕಾಣುವ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛದಲ್ಲಿ ಹೊರಗಿನದು ಒಳಗಿನದರ ಸುಮಾರು 20 ಪಟ್ಟು. 47 ಟುಕಾನೆ ಎಂಬ ಇನ್ನೊಂದು ಗೋಳಗುಚ್ಛದಲ್ಲಿ 100 ಪಟ್ಟಿಗೂ ಜಾಸ್ತಿ, ಅಂದರೆ ನಡುವೆ ಅಷ್ಟು ಬಿಗಿ.

ಈಗ ಪ್ರಶ್ನೆ. ಇದನ್ನು ‘ಉಬ್ಬರವಿಳಿತದ ತ್ರಿಜ್ಯ’ ಅಂತ ಬರೆದರೆ ಓದುವ ಹುಡುಗ ಗುಚ್ಛ ದಿನಾ ಉಬ್ಬಿ ಇಳಿಯುತ್ತದೆ ಅಂದುಕೊಳ್ಳುತ್ತಾನೆ ಅಲ್ವಾ? ಅಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಕಾರಣ ಮಾತ್ರ ಕಡಲಿನದೇ. ಗ್ಯಾಲಕ್ಸಿ ಗುಚ್ಛದ ಹತ್ತಿರದ ಬದಿಯನ್ನು ಜಾಸ್ತಿ ಎಳೆಯುತ್ತದೆ, ಆಚೆ ಬದಿಯನ್ನು ಕಡಿಮೆ. ಆ ವ್ಯತ್ಯಾಸದಿಂದ ಗುಚ್ಛ ಹಿಗ್ಗುತ್ತದೆ. ಒಂದು ದೂರ ದಾಟಿದ ನಕ್ಷತ್ರದ ಮೇಲೆ ಗುಚ್ಛದ ಹಿಡಿತ ತಪ್ಪುತ್ತದೆ, ಅದು ಕಳಚಿಕೊಂಡು ಹೋಗುತ್ತದೆ.

ನನ್ನ ಒಲವು ‘ಅಂಚಿನ ತ್ರಿಜ್ಯ’ದ ಕಡೆಗೆ. ಸುಮ್ನೆ ಸುಲಭ ಅಂತಲ್ಲ. ನಕ್ಷತ್ರಗಳ ಎಣಿಕೆಗೆ ಸೂತ್ರ ಹೊಂದಿಸಿ ಪಡೆದ ಅಂಚು, ಗ್ಯಾಲಕ್ಸಿಯ ಎಳೆತ ನಿಜಕ್ಕೂ ಹಾಕಿದ ಗಡಿಯೇ ಆಗಿರಬೇಕೆಂದಿಲ್ಲ. ಅದಕ್ಕೇ ಖಗೋಳಜ್ಞರಲ್ಲೂ ಹಲವರು ‘ಟೈಡಲ್’ ಬಿಟ್ಟು ‘ಟ್ರಂಕೇಶನ್ ರೇಡಿಯಸ್’ (ಕತ್ತರಿಸಿದಂತೆ ಮುಗಿಯುವ ಕಡೆಯ ತ್ರಿಜ್ಯ) ಅನ್ನುತ್ತಾರೆ. ಎಳೆತದ ಗಡಿಯನ್ನೇ ಹೇಳಬೇಕಾದಾಗ ‘ಹಿಡಿತದ ಎಲ್ಲೆ’ ಅಂತ ಬೇರೆ ಪದ ಇಟ್ಟುಕೊಳ್ಳಬಹುದು. ಕರಾವಳಿಯವರು ಕಡಲಿನ ಉಬ್ಬರಕ್ಕೆ ‘ಭರತ’ ಅನ್ನುತ್ತೀರಲ್ಲ, ಅದರಿಂದ ಏನಾದರೂ ಹುಟ್ಟೀತೇ?

ಇನ್ನೊಂದು ತಲೆನೋವು: ಮಾಡೆಲ್‌ಗೂ ‘ಮಾದರಿ’, ಸ್ಯಾಂಪಲ್‌ಗೂ ‘ಮಾದರಿ’. ನನ್ನ ಕರಡಿನಲ್ಲಿ ‘ಈ ಮಾದರಿಗೆ ಕಿಂಗ್ ಮಾದರಿ ಹೊಂದುತ್ತದೆ’ ಅಂತ ಒಂದು ವಾಕ್ಯ ಕೂತಿದೆ. ಸದ್ಯಕ್ಕೆ ಸ್ಯಾಂಪಲ್ ಅನ್ನು ‘ಆಯ್ದ ನಕ್ಷತ್ರಗಳು’ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಸಂಖ್ಯಾಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನನ್ನುತ್ತೀರಿ?