ಮಿಸ್ಸಿಂಗ್ ಹೊಡೆಯುವ ಪ್ರೇಮ

ಅಡಿಕೆ ಸುಲಿಯುವ ಯಂತ್ರ ಕೊಯ್ಲಿನ ನಡುವೆಯೇ ಕೆಡಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ತಿಳಿಯದು. ನಮ್ಮ ಮನೆಯ ಯಂತ್ರವಂತೂ ಅದನ್ನು ವರ್ಷವೂ ತಪ್ಪದೆ ಪಾಲಿಸುತ್ತದೆ. ಈ ಸಲ ತೀರ್ಥಹಳ್ಳಿಯಿಂದ ಗ್ಯಾರೇಜಿನ ಬಾಬಣ್ಣ ಬಂದು, ಅದರ ಪೆಟ್ರೋಲ್ ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಉಳಿದವರು ಅಟ್ಟದಿಂದ ಹಳೆಯ ಮೆಟ್ಟುಗತ್ತಿಗಳನ್ನು ಇಳಿಸಿಕೊಂಡು ಚಪ್ಪರದಡಿ ಸಾಲಾಗಿ ಕುಳಿತೆವು. ಆಚೆ ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು.

ಗೆಳೆಯ ಸುಧಾಕರ ಶಿವಮೊಗ್ಗದಲ್ಲಿ ಕಾಮರ್ಸ್ ಉಪನ್ಯಾಸಕ. ಅವನು ಒಂದು ಅಡಿಕೆ ಸುಲಿದು ಬೆರಳು ಉಳಿದಿದೆಯೇ ಎಂದು ಎಣಿಸಿಕೊಳ್ಳುವಷ್ಟರಲ್ಲಿ ನಮ್ಮ ಅತ್ತಿಗೆ ಇಪ್ಪತ್ತು ಸುಲಿದಿರುತ್ತಾರೆ. ನಾಲ್ಕನೆಯ ಅಡಿಕೆಗೇ ಸೋತು ಮೊಬೈಲ್ ತೆಗೆದ.

"ಬಾಬಣ್ಣ, ಇದನ್ನೊಂದು ಕೇಳು."

ಮೊಬೈಲಿನಿಂದ ಸದ್ದು ಹೊರಟಿತು. ಬ್ರಪ್... ಬ್ರಪ್ ಬ್ರಪ್... ಬ್ರಪ್. ನಡುವೆ ಒಂದು ಉಸಿರು ನಿಂತು ಮತ್ತೆ ಬ್ರಪ್. ಬಾಬಣ್ಣ ಸ್ಪ್ಯಾನರ್ ಕೆಳಗಿಟ್ಟು, ನಾಡಿ ಹಿಡಿದ ಪಂಡಿತನಂತೆ ಕಣ್ಣು ಮುಚ್ಚಿ ಆಲಿಸಿದ.

"ಮಿಸ್ಸಿಂಗ್ ಹೊಡೆಯುತ್ತಿದೆ. ಪ್ಲಗ್ ಬಿಚ್ಚಿ ಉಜ್ಜಿದರೆ ಸರಿಯಾಗುತ್ತದೆ. ಗಾಡಿ ತಂದುಬಿಡಿ ಸಾರ್, ಇನ್ನೂರು ರೂಪಾಯಿ ಸಾಕು."

ಸುಧಾಕರನ ಮುಖ ನೋಡಬೇಕಿತ್ತು. ಮಗಳ ಸಂಗೀತ ಕೇಳಿಸಿದಾಗ ಬಂದ ನೆಂಟರು "ನೆಗಡಿಯೇ?" ಎಂದು ಕೇಳಿದರೆ ತಂದೆಯ ಮುಖ ಆಗುತ್ತದಲ್ಲ, ಹಾಗಾಗಿತ್ತು. "ಅದು ಮಾಜ್ದಾ ಆರ್‌ಎಕ್ಸ್-7! ರೋಟರಿ ಎಂಜಿನ್! ಈ ಸದ್ದು ಬರಲಿ ಎಂದು ಜನ ದುಡ್ಡು ಸುರಿದು ಎಂಜಿನ್ ಕೊರೆಸುತ್ತಾರೆ."

"ಮಾಜ್ದಾ ನನಗೆ ಗೊತ್ತಿಲ್ಲವೇ?" ಎಂದ ಬಾಬಣ್ಣ. "ಸ್ವರಾಜ್ ಮಾಜ್ದಾ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನ್. ಅದರ ಗೇರ್‌ಬಾಕ್ಸನ್ನು ಎಷ್ಟು ಸಲ ಇಳಿಸಿದ್ದೇನೋ!"

ಹೆಸರು ಒಂದೇ, ವಂಶವೂ ಸ್ವಲ್ಪ ಒಂದೇ. ಆದರೆ ಸುಧಾಕರನಿಗೆ ಇದು ರಂಭೆಯ ಗುಣಗಾನ ಮಾಡುವಾಗ ಅವಳ ಸೋದರತ್ತೆಯ ಮಂಡಿನೋವಿನ ಸುದ್ದಿ ಎತ್ತಿದಂತಾಯಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಸುಧಾಕರ ಆ ಕಾರನ್ನು ಕಣ್ಣಾರೆ ಕಂಡವನಲ್ಲ. ಅವನ ಬಳಿ ಇರುವುದು ಹಳೆಯ ಮಾರುತಿ 800. ಆರ್‌ಎಕ್ಸ್-7 ಜಪಾನಿನಲ್ಲಿ 1978ರಲ್ಲಿ ಹುಟ್ಟಿ, ಮೂರು ಅವತಾರ ಎತ್ತಿ, 2002ರಲ್ಲಿ ನಿಂತುಹೋಯಿತು. ಅದರ ತಂಗಿ ಆರ್‌ಎಕ್ಸ್-8 ಕೂಡ 2012ರಲ್ಲಿ ನಿಂತಿತು. ಇವನಿಗೆ ಪ್ರೇಮ ಹುಟ್ಟಿದ್ದು ಅದರ ನಂತರ.

"ಹಂಸದ ಬಾಯಲ್ಲಿ ಕೇಳಿ ದಮಯಂತಿ ನಳನಿಗೆ ಮನಸೋತಳಲ್ಲ, ಅದೇ ಜಾತಿಯದು" ಎಂದರು ಮೇಷ್ಟ್ರು. ಅವರು ನಿವೃತ್ತ ವಿಜ್ಞಾನ ಮೇಷ್ಟ್ರಾದರೂ ಯಕ್ಷಗಾನದ ಹುಚ್ಚು ಇಳಿದಿಲ್ಲ. "ನಳನೂ ಒಳ್ಳೆಯ ಡ್ರೈವರ್. ಬಾಹುಕನಾಗಿ ಋತುಪರ್ಣನ ರಥ ಹೊಡೆಯುವಾಗ ರಾಜನ ಉತ್ತರೀಯ ಜಾರಿತಂತೆ. ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ಮುಂದಕ್ಕೆ ಬಂದಾಗಿತ್ತು."

"ಆ ರಥಕ್ಕೆ ಆಯಿಲ್ ಹಾಕುವ ಗೋಳು ಇರಲಿಲ್ಲ" ಎಂದು ನಾನೆಂದೆ. ಯಾರೂ ನಗಲಿಲ್ಲ.

"ಅಷ್ಟಕ್ಕೂ ಅದು ತಿರುಗುವುದು ಹೇಗೆ?" ಅತ್ತಿಗೆ ಕೈ ನಿಲ್ಲಿಸದೆ ಕೇಳಿದರು.

ಸುಧಾಕರ ಕಾಮರ್ಸ್ ಭಾಷೆಯಲ್ಲಿ ವಿವರಿಸಲು ಹೊರಟ. ಅವನನ್ನು ತಡೆದು ಮೇಷ್ಟ್ರು ಎದ್ದು, ಹಿತ್ತಿಲ ಕಡೆಯ ಒರಳುಕಲ್ಲಿನ ಪಕ್ಕ ನಿಂತರು. "ನೋಡು ತಾಯಿ, ನಮ್ಮ ಕಾರು, ಬೈಕು, ಈ ಕೆಟ್ಟ ಎಂಜಿನ್ನು, ಎಲ್ಲದರೊಳಗೂ ಇರುವುದು ಒನಕೆ. ಪಿಸ್ಟನ್ ಮೇಲೆ ಹೋಗಬೇಕು, ನಿಲ್ಲಬೇಕು, ಕೆಳಗೆ ಬರಬೇಕು, ಮತ್ತೆ ನಿಲ್ಲಬೇಕು. ಅರ್ಧ ಆಯುಷ್ಯ ನಿಲ್ಲುವುದರಲ್ಲೇ ಹೋಗುತ್ತದೆ. ರೋಟರಿಯಲ್ಲಿ ಇರುವುದು ರುಬ್ಬುಗುಂಡು. ಒಂದೇ ದಿಕ್ಕಿಗೆ ಓರೆಯಾಗಿ ತಿರುಗುತ್ತಲೇ ಇರುತ್ತದೆ. ಗುಂಡು ಮಾತ್ರ ದುಂಡಗಿಲ್ಲ, ಹೊಟ್ಟೆ ಉಬ್ಬಿದ ಸಮೋಸದಂತೆ ಮೂರು ಮೂಲೆ. ಹಾಗಾಗಿ ಒರಳಿನಲ್ಲಿ ಮೂರು ಕೋಣೆ. ಒಂದರಲ್ಲಿ ಅಕ್ಕಿ ಹಾಕುತ್ತಿರುತ್ತಾರೆ, ಒಂದರಲ್ಲಿ ರುಬ್ಬುತ್ತಿರುತ್ತಾರೆ, ಒಂದರಲ್ಲಿ ಹಿಟ್ಟು ಬಳಿಯುತ್ತಿರುತ್ತಾರೆ. ಮೂರೂ ಏಕಕಾಲಕ್ಕೆ."

"ಅಂದರೆ ಒಂದೇ ಒರಳಿಗೆ ಮೂವರು ಓರಗಿತ್ತಿಯರು" ಎಂದರು ಅತ್ತಿಗೆ. "ಜಗಳ ಗ್ಯಾರಂಟಿ."

"ಜಗಳವೇ ಆದದ್ದು! ಮೂರು ಮೂಲೆಗೂ ಒಂದೊಂದು ಪಟ್ಟಿ ಇರುತ್ತದೆ, ಸೀಲ್. ಗೋಡೆಯನ್ನು ಸವರುತ್ತಾ ಓಡಬೇಕು. ಅದು ಸವೆದರೆ ಒಬ್ಬಳ ಹಿಟ್ಟಿಗೆ ಇನ್ನೊಬ್ಬಳ ನೀರು."

"ಕಂಪ್ರೆಷನ್ ಹೋಯಿತು ಎನ್ನಿ" ಎಂದ ಬಾಬಣ್ಣ. ಅವನಿಗೆ ಈಗ ಆಸಕ್ತಿ ಹುಟ್ಟಿತ್ತು.

ಇದನ್ನು ಕಂಡುಹಿಡಿದವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. ಎನ್‌ಎಸ್‌ಯು ಎಂಬ ಕಂಪನಿಯಲ್ಲಿ 1957ರಲ್ಲಿ ಅವನ ಎಂಜಿನ್ ಮೊದಲು ತಿರುಗಿತು. ವಾಂಕೆಲನಿಗೆ ಚಾಲನಾ ಪರವಾನಗಿಯೇ ಇರಲಿಲ್ಲ ಎಂದು ಸುಧಾಕರ ಹೇಳಿದಾಗ ಬಾಬಣ್ಣ ತಲೆಯಾಡಿಸಿದ: "ಅದಕ್ಕೇ! ಓಡಿಸಬೇಕಾದವನು ತಾನಲ್ಲವಲ್ಲ."

ಎನ್‌ಎಸ್‌ಯು 1967ರಲ್ಲಿ ಆರ್‌ಓ 80 ಎಂಬ ಚಂದದ ಕಾರು ಬಿಟ್ಟಿತು. ಮರುವರ್ಷ ಯುರೋಪಿನ ವರ್ಷದ ಕಾರು ಎಂಬ ಬಿರುದೂ ಬಂತು. ಬಿರುದಿನ ಹಿಂದೆಯೇ ಸೀಲುಗಳು ಸವೆಯತೊಡಗಿದವು. ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿ ಕಂಪನಿ ಬಸವಳಿಯಿತು. 1969ರಲ್ಲಿ ಫೋಕ್ಸ್‌ವ್ಯಾಗನ್ ಅದನ್ನು ತನ್ನ ಆಡಿ ಕಂಪನಿಯೊಳಗೆ ಸೇರಿಸಿಕೊಂಡಿತು. ಆ ಕಾರಿನವರು ದಾರಿಯಲ್ಲಿ ಎದುರಾದರೆ ಕೈ ಬೀಸುತ್ತಿರಲಿಲ್ಲವಂತೆ, ಬೆರಳು ಎತ್ತಿ ತೋರಿಸುತ್ತಿದ್ದರಂತೆ: ನನ್ನದು ಮೂರನೆಯ ಎಂಜಿನ್, ನಿನ್ನದು?

"ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರು ಹಾಗೆಯೇ ಮಾತಾಡಿಕೊಳ್ಳುತ್ತಾರೆ" ಎಂದರು ಅತ್ತಿಗೆ.

ಹಿರೋಷಿಮಾದ ಮಾಜ್ದಾ ಮಾತ್ರ ಬಿಡಲಿಲ್ಲ. ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರ್ 47 ಜನರ ತಂಡ ಕಟ್ಟಿದ. ಸೀಲುಗಳು ನಡುಗಿ ಒಳಗೋಡೆಯ ಮೇಲೆ ಗೀರುಗಳು ಬೀಳುತ್ತಿದ್ದವು. ಅವರು ಅವುಗಳಿಗೆ ಇಟ್ಟ ಹೆಸರು ದೆವ್ವದ ಉಗುರಿನ ಗುರುತು. ಸೀಲಿಗೆ ಯಾವ ವಸ್ತು ತಾಳೀತು ಎಂದು ಹುಡುಕುತ್ತಾ ಕುದುರೆಯ ಮೂಳೆಯನ್ನೂ ಪರೀಕ್ಷಿಸಿದರಂತೆ. ಕೊನೆಗೆ ಇಂಗಾಲಕ್ಕೆ ಅಲ್ಯುಮಿನಿಯಂ ಬೆರೆಸಿದ ಪಟ್ಟಿ ಕೈಹಿಡಿಯಿತು. 1967ರಲ್ಲೇ ಅವರ ಕಾಸ್ಮೊ ಸ್ಪೋರ್ಟ್ ಬೀದಿಗಿಳಿಯಿತು. ಈ ಭಾಗ ಹೇಳುವಾಗ ಸುಧಾಕರನ ಗಂಟಲು ಕಟ್ಟಿತ್ತು. ನನಗೂ ಸ್ವಲ್ಪ ಹಾಗೇ ಆಯಿತು, ಹೊಗೆಯಿಂದ ಎಂದು ಕಣ್ಣೊರೆಸಿಕೊಂಡೆ.

"ಆಯಿಲ್ ಎಷ್ಟು ಕುಡಿಯುತ್ತದೆ?" ಬಾಬಣ್ಣನ ಪ್ರಶ್ನೆ ನೇರವಾಗಿತ್ತು.

"ಕುಡಿಯಲೇಬೇಕು. ಸೀಲುಗಳಿಗೆ ಜಿಡ್ಡು ಸಿಗಲೆಂದು ಒಂದು ಪಂಪು ಸ್ವಲ್ಪಸ್ವಲ್ಪವೇ ಆಯಿಲನ್ನು ಒಳಗೆ ಬಿಡುತ್ತದೆ. ಅದು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ."

"ನಮ್ಮಲ್ಲಿ ಹಾಗೆ ಉರಿಸುವ ಎಂಜಿನ್ನಿಗೆ ಆಯುಷ್ಯ ಮುಗಿಯಿತು ಎನ್ನುತ್ತೇವೆ. ಇದು ಹುಟ್ಟಿದ ದಿನವೇ ಮುದುಕ!"

"ಇನ್ನೊಂದಿದೆ" ಎಂದ ಸುಧಾಕರ. ಪ್ರೇಮಿಗಳು ದೋಷ ಹೇಳುವಾಗಲೂ ಹೆಮ್ಮೆಯಿಂದಲೇ ಹೇಳುತ್ತಾರೆ, ಗಮನಿಸಿದ್ದೇನೆ. "ತಣ್ಣಗಿರುವಾಗ ಶುರು ಮಾಡಿ ನಾಲ್ಕು ಮಾರು ಸರಿಸಿ ನಿಲ್ಲಿಸಿದೆಯೋ, ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆಂದು ಮತ್ತೆ ಹೊತ್ತಿಕೊಳ್ಳದೇ ಹೋಗಬಹುದು."

"ಅಂದರೆ ತೊಳೆಯಲೆಂದು ಕೊಟ್ಟಿಗೆಯಿಂದ ಅಂಗಳಕ್ಕೆ ತರುವಂತಿಲ್ಲ" ಎಂದರು ಮೇಷ್ಟ್ರು. "ಮೊದಲ ದೀಪಾವಳಿಗೆ ಬಂದ ಅಳಿಯನ ಹಾಗೆ. ಎಬ್ಬಿಸಿದ ಮೇಲೆ ಪೂರ್ತಿ ಉಪಚಾರ ಮಾಡಲೇಬೇಕು."

ಕಡಿಮೆ ವೇಗದಲ್ಲಿ ಎಳೆಯುವ ಬಲವೂ ಅದಕ್ಕೆ ಸಾಲದು. ಎಂಜಿನ್ ಕಿರುಚುವಷ್ಟು ತಿರುಗಿದರೆ ಮಾತ್ರ ಜೀವ ಬರುತ್ತದೆ. ಆರ್‌ಎಕ್ಸ್-8ರದು ನಿಮಿಷಕ್ಕೆ 9000 ಸುತ್ತಿನವರೆಗೆ ಹೋಗುತ್ತಿತ್ತು. ಆಗುಂಬೆ ಘಾಟಿಯ 14 ತಿರುವುಗಳನ್ನು ಸೋಮೇಶ್ವರದಿಂದ ಹತ್ತುವಾಗ ಏಳನೆಯದರಲ್ಲಿ ಚಕ್ರಕ್ಕೆ ಕಲ್ಲು ಕೊಡಬೇಕಾದೀತು ಎಂದ ಬಾಬಣ್ಣ. ಇದು ಅತಿಯಾಯಿತು. ಆದರೂ ಕಲ್ಲು ಹಿಡಿದು ಓಡುವ ಸುಧಾಕರ ಕಣ್ಣಿಗೆ ಕಟ್ಟಿದ್ದರಿಂದ ನಾನು ತಿದ್ದಲಿಲ್ಲ.

"ಕೊನೆಯ ಆರ್‌ಎಕ್ಸ್-7ರದು ಬರೀ 1308 ಸಿಸಿ! ಎರಡೇ ರೋಟರ್, ತಲಾ 654!" ಎಂದು ಸುಧಾಕರ ಎದ್ದು ನಿಂತ. "ಅಷ್ಟರಲ್ಲಿ ಎರಡು ಟರ್ಬೊ ಇಟ್ಟು 250ಕ್ಕೂ ಮೀರಿದ ಅಶ್ವಶಕ್ತಿ!"

"ಒಂದೊಂದು ರೋಟರಿಗೆ ಮೂರು ಮುಖ, ಲೆಕ್ಕಕ್ಕೆ ಹಿಡಿಯುವುದು ಒಂದನ್ನೇ" ಎಂದರು ಮೇಷ್ಟ್ರು. "ಕಾಮರ್ಸ್ ಮೇಷ್ಟ್ರೇ, ಇದು ಯಾವ ಲೆಕ್ಕಪತ್ರ?"

ಜಪಾನಿನ ತೆರಿಗೆಯವರೂ ಅದನ್ನು ಒಂದೂವರೆ ಪಟ್ಟು ಎಂದು ಹಿಡಿಯುತ್ತಾರೆಂದು ಅವನೇ ಒಪ್ಪಿಕೊಂಡ. ಬೇರೆಯವರು ಯಾರು ಮೋಸಹೋದರೂ ತೆರಿಗೆ ಇಲಾಖೆ ಮೋಸಹೋಗುವುದಿಲ್ಲ.

ಕೊನೆಯ ಅಸ್ತ್ರವೆಂದು ಅವನು ಲೆ ಮಾನ್ಸ್ ತೆಗೆದ. ಫ್ರಾನ್ಸಿನ 24 ಗಂಟೆಗಳ ಓಟ, 1991, 55ನೆಯ ಸಂಖ್ಯೆಯ ಮಾಜ್ದಾ 787ಬಿ, ನಾಲ್ಕು ರೋಟರ್. ಮೊಟ್ಟಮೊದಲು ಗೆದ್ದ ಜಪಾನಿ ಕಂಪನಿಯ ಕಾರು. "ಗೆದ್ದಿತೆಂಬ ಹೊಟ್ಟೆಕಿಚ್ಚಿಗೆ ರೋಟರಿಯನ್ನೇ ನಿಷೇಧಿಸಿದರು" ಎಂದ. ನಿಯಮ ಬದಲಿಸುವ ತೀರ್ಮಾನ ಓಟಕ್ಕೆ ಮೊದಲೇ ಆಗಿತ್ತು ಎಂದರು ಮೇಷ್ಟ್ರು. ಅವನು ಕೇಳಿಸಿಕೊಳ್ಳಲಿಲ್ಲ. ಕೊನೆಯಲ್ಲಿ ಕಾರು ಓಡಿಸಿದ ಜಾನಿ ಹರ್ಬರ್ಟ್ ಮೈಯ ನೀರೆಲ್ಲ ಬತ್ತಿ ಕುಸಿದು, ಬಹುಮಾನದ ವೇದಿಕೆಗೂ ಹತ್ತಲಾಗಲಿಲ್ಲ ಎಂದಾಗ ಮಾತ್ರ ಅತ್ತಿಗೆಯ ಕೈ ಮೊದಲ ಬಾರಿಗೆ ನಿಂತಿತು.

"ಪಾಪ! ಒಂದು ಲೋಟ ಮಜ್ಜಿಗೆ ಕೊಡುವವರಿರಲಿಲ್ಲವೇ?"

ಅಷ್ಟರಲ್ಲಿ ಬಾಬಣ್ಣ ಹಗ್ಗ ಎಳೆದ. ನಮ್ಮ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ಆಮೇಲೆ ಹೊತ್ತಿಕೊಂಡಿತು. ಬ್ರಪ್... ಬ್ರಪ್ ಬ್ರಪ್... ಬ್ರಪ್.

ಎಲ್ಲರೂ ಸುಧಾಕರನ ಕಡೆ ತಿರುಗಿದೆವು. "ಅದೇ ಸದ್ದಲ್ಲವೇ?" ಎಂದೆ.

"ಕೊರೆದು ಬಾಯಿ ಹಿಗ್ಗಿಸಿದ ರೋಟರಿಯಲ್ಲಿ ಒಳಬರುವ ಗಾಳಿಗೆ ಸುಟ್ಟ ಹೊಗೆ ಬೆರೆತು, ನಿಧಾನದಲ್ಲಿ ಒಂದೊಂದು ಉರಿ ತಪ್ಪುತ್ತದೆ" ಎಂದರು ಮೇಷ್ಟ್ರು. "ಬಾಬಣ್ಣ ಮೊದಲೇ ಹೇಳಿದ್ದು ಸರಿ. ಅದು ಮಿಸ್ಸಿಂಗೇ."

ಬಾಬಣ್ಣ ಗೆದ್ದ ಮುಖದಿಂದ ಪ್ಲಗ್ ಸ್ಪ್ಯಾನರ್ ಎತ್ತಿಕೊಂಡು ಎಂಜಿನ್ ನಿಲ್ಲಿಸಲು ಕೈ ಚಾಚಿದ. ಸುಧಾಕರ ಹಾರಿ ಬಂದು ಅವನ ತೋಳು ಹಿಡಿದುಕೊಂಡ.

"ಒಂದೇ ನಿಮಿಷ ಬಾಬಣ್ಣ, ಹಾಗೇ ಬಿಡು" ಎಂದವನೇ ಸೈಲೆನ್ಸರಿನ ಮುಂದೆ ಮಂಡಿಯೂರಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದ.

"ಇನ್ನೂ ಮೂರು ಡಬ್ಬ ಸುಲಿಯುವುದಿದೆ" ಎಂದರು ಅತ್ತಿಗೆ.

"ಸದ್ದು ಮಾಡಬೇಡಿ ಅತ್ತಿಗೆ, ಅದೂ ಒಳಗೆ ಬರುತ್ತದೆ."