ಓರೆನೋಟದ ಹೆಣಿಗೆ: ನನ್ನ ಬೆಕ್ಕು ಚಪ್ಪಟೆಯಾದದ್ದು ಏಕೆ?

ನೂಲುಂಡೆ:
ಇಲ್ಯೂಷನ್ ನಿಟ್ಟಿಂಗ್‌ನಲ್ಲಿ (ಓರೆಯಾಗಿ ನೋಡಿದಾಗ ಮಾತ್ರ ಚಿತ್ರ ಕಾಣುವ ಹೆಣಿಗೆ) ಮೊದಲ ಬಾರಿಗೆ ಸ್ವಂತ ವಿನ್ಯಾಸವೊಂದನ್ನು ಮಾಡಿದ್ದೇನೆ. ಚೌಕುಳಿ ಹಾಳೆಯಲ್ಲಿ 40 ಮನೆ ಅಗಲ, 40 ಮನೆ ಎತ್ತರದ ಬೆಕ್ಕಿನ ಮುಖವನ್ನು ಬರೆದುಕೊಂಡು, ಕಪ್ಪು ಮತ್ತು ಕೆನೆಬಣ್ಣದ ನೂಲಿನಲ್ಲಿ ಬಣ್ಣಕ್ಕೆ ಎರಡೆರಡು ಸಾಲಿನಂತೆ, ಮನೆಗೊಂದು ಪಟ್ಟೆಯ ಲೆಕ್ಕದಲ್ಲಿ 80 ಸಾಲು ಹೆಣೆದೆ. ಎದುರಿನಿಂದ ಬರೀ ಪಟ್ಟೆಗಳು ಕಾಣುತ್ತವೆ, ಅದು ಸರಿಯೇ. ಆದರೆ ಗೋಡೆಗೆ ತೂಗುಹಾಕಿ ಪಕ್ಕದಿಂದ ನೋಡಿದರೂ ಪಟ್ಟೆಗಳೇ; ನೆಲದ ಮೇಲೆ ಕುಳಿತು ಕತ್ತೆತ್ತಿದಾಗ ಮಾತ್ರ ಬೆಕ್ಕು ಕಾಣುತ್ತದೆ, ಅದೂ ಹಂದಿಮರಿಯಂತೆ ಚಪ್ಪಟೆಯಾಗಿ. ಮೀಸೆಯಂತೂ ಪತ್ತೆಯೇ ಇಲ್ಲ. ಎಲ್ಲಿ ತಪ್ಪಿದೆ?

ಎರಡು ಕಡ್ಡಿ:
ಚಿತ್ರವನ್ನು ತೋರಿಸುವುದು ಬಣ್ಣವಲ್ಲ, ಉಬ್ಬು. ಹಿಂಬದಿಯ ಸಾಲಿನಲ್ಲಿ ನಿಟ್ (ಸೀದಾ ಕುಣಿಕೆ) ಹಾಕಿದಲ್ಲಿ ಮುಂಬದಿಗೆ ಉಬ್ಬು ಏಳುತ್ತದೆ, ಪರ್ಲ್ (ಉಲ್ಟಾ ಕುಣಿಕೆ) ಹಾಕಿದಲ್ಲಿ ಸಪಾಟಾಗಿ ಉಳಿಯುತ್ತದೆ. ಓರೆಯಾಗಿ ನೋಡಿದಾಗ ಉಬ್ಬಿದ ಬಣ್ಣವು ತನ್ನ ಹಿಂದಿನ ಸಪಾಟು ಬಣ್ಣವನ್ನು ಮರೆಮಾಡುತ್ತದೆ. ಆದ್ದರಿಂದ ನೋಟವು ಸಾಲುಗಳನ್ನು ಅಡ್ಡಹಾಯಬೇಕು. ಸಾಲಿನ ಗುಂಟ ನೋಡಿದರೆ ಮರೆಯಾಗುವುದಕ್ಕೆ ಏನೂ ಇರುವುದಿಲ್ಲ. ಈ ಕಲೆಯಲ್ಲಿ ಬಹಳ ಕೆಲಸ ಮಾಡಿರುವ ಬ್ರಿಟನ್ನಿನ ಸ್ಟೀವ್ ಪ್ಲಮರ್ ಮತ್ತು ಪ್ಯಾಟ್ ಆ್ಯಶ್‌ಫೋರ್ತ್ ಇಬ್ಬರೂ ಗಣಿತದ ಮೇಷ್ಟರಾಗಿದ್ದವರು ಎಂಬುದು ನನಗೆ ಆಶ್ಚರ್ಯದ ಸಂಗತಿಯಲ್ಲ. ಗೋಡೆಯ ಚಿತ್ರವಾದರೆ ನಕ್ಷೆಯನ್ನು ಕಾಲು ಸುತ್ತು ತಿರುಗಿಸಿ, ಸಾಲುಗಳು ಲಂಬವಾಗಿ ನಿಲ್ಲುವಂತೆ ಹೆಣೆಯಿರಿ. ಆಗ ಪಡಸಾಲೆಯಲ್ಲಿ ನಡೆದು ಬರುವವರಿಗೆ ಚಿತ್ರ ತಾನಾಗಿ ಕಾಣುತ್ತದೆ.

ಚಪ್ಪಟೆಯಾದದ್ದಕ್ಕೂ ಲೆಕ್ಕವಿದೆ. ಗಾರ್ಟರ್ ಹೆಣಿಗೆಯಲ್ಲಿ (ಎಲ್ಲ ಸಾಲೂ ನಿಟ್ ಆಗಿರುವ ಹೆಣಿಗೆ) ಒಂದು ಹೊಲಿಗೆಯ, ಅಂದರೆ ಒಂದು ಕುಣಿಕೆಯ, ಅಗಲವು ಸುಮಾರು ಎರಡು ಸಾಲಿನ ಎತ್ತರಕ್ಕೆ ಸಮ. ಬಟ್ಟೆಯ ಮೇಲ್ಮೈಗೆ 30 ಡಿಗ್ರಿ ಓರೆಯಲ್ಲಿ ನೋಡಿದರೆ ಎತ್ತರವು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಕ್ಷೆಯ ಪ್ರತಿ ಮನೆಗೆ ಕಪ್ಪಿನ ಎರಡು, ಕೆನೆಯ ಎರಡು, ಒಟ್ಟು ನಾಲ್ಕು ಸಾಲು ಕೊಟ್ಟರೆ ಮುಖವು ಗುಂಡಗೆ ಕಾಣುತ್ತದೆ. ಪರ್ಲ್ ಭಾಗಗಳು ಈ ಅಳತೆಯನ್ನು ಸ್ವಲ್ಪ ಬದಲಿಸುವುದರಿಂದ ಮೊದಲು ಸಣ್ಣ ತುಂಡೊಂದನ್ನು ಹೆಣೆದು ನೋಡುವುದು ಒಳ್ಳೆಯದು.

ಹಳೇ ಸ್ವೆಟರ್:
ಮೀಸೆಯ ವಿಷಯಕ್ಕೆ ಬರುತ್ತೇನೆ. ಒಂದೇ ಹೊಲಿಗೆಯ ಉಬ್ಬು ಅಕ್ಕಪಕ್ಕದ ಸಪಾಟಿನಲ್ಲಿ ಕರಗಿಹೋಗುತ್ತದೆ. ಗೆರೆಗೆ ಕನಿಷ್ಠ ಮೂರು ಹೊಲಿಗೆಯ ದಪ್ಪ ಬೇಕು. ನನ್ನನ್ನು ಕೇಳಿದರೆ ಮೀಸೆಯನ್ನೇ ಬಿಟ್ಟುಬಿಡಿ, ಕಿವಿ ಮತ್ತು ಕಣ್ಣುಗಳೇ ಬೆಕ್ಕಿಗೆ ಸಾಕು. ಬಣ್ಣ ಬದಲಿಸುವ ಸಾಲು ಯಾವಾಗಲೂ ಮುಂಬದಿಯಲ್ಲಿದ್ದು, ಪೂರ್ತಿ ನಿಟ್ ಆಗಿರಲಿ. ಇಲ್ಲವಾದರೆ ಹಿಂದಿನ ಬಣ್ಣದ ಚುಕ್ಕೆಗಳು ಇಣುಕುತ್ತವೆ. ಅಂದಹಾಗೆ, ಹೆಣೆದ ಮೇಲೆ ಇಸ್ತ್ರಿ ಮಾಡಿದಿರಾ?

ನೂಲುಂಡೆ:
ಮಾಡಿದ್ದೆ, ಅದೂ ಒದ್ದೆ ಬಟ್ಟೆ ಹಾಸಿ, ಚೆನ್ನಾಗಿ ಒತ್ತಿ. ನೂಲು ಅಕ್ರಿಲಿಕ್.

ಹಳೇ ಸ್ವೆಟರ್:
ಹಾಗಿದ್ದರೆ ಆ ತುಂಡಿನ ಆಸೆ ಬಿಡಿ. ಬಿಸಿ ತಗುಲಿದ ಅಕ್ರಿಲಿಕ್‌ನಲ್ಲಿ ಕುಸಿದ ಉಬ್ಬು ಮತ್ತೆ ಏಳುವುದಿಲ್ಲ. ಮುಂದಿನದನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಎಳೆಯದೆ, ಟವೆಲ್ಲಿನ ಮೇಲೆ ಹರಡಿ ಒಣಗಿಸಿ.

ನೂಲುಂಡೆ:
ಒಂದು ಕಿವಿಯನ್ನಷ್ಟೇ 20 ಹೊಲಿಗೆಗಳಲ್ಲಿ, ಮನೆಗೆ ನಾಲ್ಕು ಸಾಲಿನಂತೆ ಹೆಣೆದು ಬಾಗಿಲ ಪಕ್ಕ ಸಾಲುಗಳು ಲಂಬವಾಗಿ ನಿಲ್ಲುವಂತೆ ಪಿನ್ ಮಾಡಿದ್ದೇನೆ. ಅಡುಗೆಮನೆಯಿಂದ ಬರುವಾಗ ಕಿವಿ ಚೂಪಾಗಿ ಕಾಣುತ್ತದೆ, ಬಾಗಿಲ ಎದುರು ನಿಂತಾಗ ಮಾಯವಾಗುತ್ತದೆ.